ತರ್ಕದ ನಿಯಮಗಳು ಮನಸ್ಸಿನ ನಿಯಮಗಳೇ?

ಒಂದೇ ಹೇಳಿಕೆಯು ಏಕಕಾಲದಲ್ಲಿ ನಿಜವೂ ಸುಳ್ಳೂ ಆಗಲಾರದೆಂಬುದು ತರ್ಕದ ಮೂಲ ನಿಯಮಗಳಲ್ಲೊಂದು. ಇದು ಸತ್ಯದ ನಿಯಮವೋ, ಅಥವಾ ನಮ್ಮ ಮನಸ್ಸು ಹಾಗೆ ಆಲೋಚಿಸುವುದರಿಂದ ಹುಟ್ಟಿದ ನಿಯಮವೋ? ಹತ್ತೊಂಬತ್ತನೆಯ ಶತಮಾನದ ಆಂಗ್ಲ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ಲನು ಎರಡನೆಯ ಪಕ್ಷದ ಕಡೆಗೆ ವಾಲಿದನು. ನಂಬುವುದು, ನಂಬದಿರುವುದು ಇವೆರಡೂ ಒಂದನ್ನೊಂದು ಹೊರಗಿಡುವ ಮನಃಸ್ಥಿತಿಗಳು. ಮುಖ್ಯವಾಗಿ ಈ ಅನುಭವದಿಂದಲೇ ಮೇಲಿನ ನಿಯಮವು ದೊರೆಯಿತೆಂಬುದು ಅವನ ಮತ.

ಈ ಮತವನ್ನು ಪರೀಕ್ಷಿಸಲು ಒಂದು ಪ್ರಯೋಗವನ್ನು ನೋಡೋಣ. ಬ್ರಿಟಿಷ್ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ನನು ೧೯೬೬ರಲ್ಲಿ ಪ್ರಕಟಿಸಿದ ಇದನ್ನು ಕನ್ನಡದ ಅಕ್ಷರಗಳಿಗೆ ಅಳವಡಿಸಿದ್ದೇವೆ. ಮೇಜಿನ ಮೇಲೆ ನಾಲ್ಕು ಕಾರ್ಡುಗಳಿವೆ. ಪ್ರತಿಯೊಂದರ ಒಂದು ಬದಿಯಲ್ಲಿ ಅಕ್ಷರವೂ ಇನ್ನೊಂದು ಬದಿಯಲ್ಲಿ ಅಂಕಿಯೂ ಉಂಟು. ನಮಗೆ ಕಾಣುವ ಬದಿಗಳಲ್ಲಿ ಅ, ಕ, ೪, ೭ ಎಂದು ಬರೆದಿದೆ. “ಒಂದು ಬದಿಯಲ್ಲಿ ಸ್ವರವಿದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ ಇರುತ್ತದೆ” ಎಂಬ ಮಾತು ನಿಜವೇ ಎಂದು ತಿಳಿಯಲು ಯಾವ ಕಾರ್ಡುಗಳನ್ನು ಮಗುಚಬೇಕು? ವಾಚಕರು ಮುಂದೆ ಓದುವ ಮೊದಲು ಉತ್ತರವನ್ನು ನಿಶ್ಚಯಿಸಿಕೊಳ್ಳಲಿ.

ಬಹುಮಂದಿ ಅ ಮತ್ತು ೪ನ್ನು, ಇಲ್ಲವೆ ಅ ಒಂದನ್ನೇ ಆರಿಸುತ್ತಾರೆ. ಸರಿಯಾದ ಉತ್ತರ ಅ ಮತ್ತು ೭. ೪ರ ಹಿಂದೆ ಯಾವ ಅಕ್ಷರವಿದ್ದರೂ ಮಾತು ಸುಳ್ಳಾಗದು. ೭ರ ಹಿಂದೆ ಸ್ವರವಿದ್ದರೆ ಸುಳ್ಳಾಗುತ್ತದೆ. ಇಂತಹ ಪ್ರಯೋಗಗಳಲ್ಲಿ ಸರಿಯುತ್ತರ ಕೊಡುವವರು ಸಾಮಾನ್ಯವಾಗಿ ನೂರಕ್ಕೆ ಹತ್ತರ ಆಸುಪಾಸು ಮಾತ್ರ. ಆದರೆ ೧೯೮೨ರಲ್ಲಿ ಅಮೆರಿಕದ ಗ್ರಿಗ್ಸ್ ಮತ್ತು ಕಾಕ್ಸ್ ಎಂಬವರು ಅಕ್ಷರ, ಅಂಕಿಗಳ ಬದಲು “ಬಿಯರ್ ಕುಡಿಯುವವನು ೧೯ ವರ್ಷ ಮೀರಿದವನಾಗಿರಬೇಕು” ಎಂಬ ನಿಯಮವನ್ನಿಟ್ಟಾಗ ನಾಲ್ವರಲ್ಲಿ ಸುಮಾರು ಮೂವರು ಸರಿಯಾಗಿ ಆರಿಸಿದರು.

ವಿಷಯ ಬದಲಾದೊಡನೆ ಮನಸ್ಸಿನ ನಡೆ ಬದಲಾಯಿತು; ನಿಯಮವನ್ನು ಮುರಿಯುವ ಸಂದರ್ಭ ಯಾವುದೆಂಬ ತರ್ಕ ಬದಲಾಗಲಿಲ್ಲ. ತರ್ಕವು ಮನಸ್ಸಿನ ವರ್ಣನೆ ಮಾತ್ರವಾಗಿದ್ದರೆ, ಬಹುಮಂದಿಯ ಆಯ್ಕೆಯನ್ನು ತಪ್ಪೆಂದು ಕರೆಯಲು ನಮಗೆ ಆಧಾರವೇ ಇರುತ್ತಿರಲಿಲ್ಲ. ನಿಜವಾಗಿರುವುದು ಬೇರೆ, ನಿಜವೆಂದು ಎಣಿಸಲ್ಪಡುವುದು ಬೇರೆ ಎಂದು ಜರ್ಮನಿಯ ಗಣಿತಜ್ಞ ಫ್ರೇಗನು ೧೮೯೩ರಲ್ಲಿ ಪ್ರತಿಪಾದಿಸಿದ್ದು ಇದೇ ಭೇದವನ್ನು.

ತಪ್ಪನ್ನು ತಿದ್ದಿಕೊಳ್ಳುವುದೂ ಮನಸ್ಸೇ ಅಲ್ಲವೇ ಎಂದು ಕೇಳಬಹುದು. ಅಹುದು. ಇದಕ್ಕೆ ೧೯೦೦ರಲ್ಲಿ ಹುಸರ್ಲ್ ಎಂಬ ತತ್ತ್ವಜ್ಞಾನಿಯು ಲೆಕ್ಕದ ಯಂತ್ರದ ದೃಷ್ಟಾಂತವನ್ನು ಕೊಟ್ಟನು. ಯಂತ್ರದ ಚಲನೆಯನ್ನು ಭೌತ ನಿಯಮಗಳು ವಿವರಿಸುತ್ತವೆ. ಕೆಟ್ಟ ಯಂತ್ರವೂ ಅವೇ ನಿಯಮಗಳಂತೆ ನಡೆಯುತ್ತದೆ. ಬಂದ ಮೊತ್ತ ಸರಿಯೇ ಎಂಬುದನ್ನು ತೀರ್ಮಾನಿಸುವುದು ಅಂಕಗಣಿತ.

ಮನಸ್ಸು ಹೇಗೆ ಆಲೋಚಿಸುತ್ತದೆಂಬುದನ್ನು ಪ್ರಯೋಗದಿಂದ ತಿಳಿಯಬೇಕು. ಆ ಆಲೋಚನೆ ಸರಿಯೇ ಎಂಬುದನ್ನು ತರ್ಕದಿಂದ ಅಳೆಯಬೇಕು. ವಿದ್ಯಾರ್ಥಿಗಳು ಈ ಭೇದವನ್ನು ಮರೆಯಬಾರದು. ತರಗತಿಯವರೆಲ್ಲರೂ ೪ನ್ನೇ ಮಗುಚಿದರೂ ೭ರ ಹಿಂದೆ ಇರುವ ಅಕ್ಷರ ಬದಲಾಗದು.