ಹಸಿವೆಯ ಕರೆ, ಸಕ್ಕರೆಯ ಲೆಕ್ಕ

ಶಹಾಬಾದದ ಕಲ್ಲಿನ ಗಣಿಯಲ್ಲಿ ದುಡಿಯುವ ಶ್ರಮಜೀವಿಯೊಬ್ಬರು ಕಾಲಿನ ಗಾಯ ಮಾಯುತ್ತಿಲ್ಲವೆಂದು ನಮ್ಮಲ್ಲಿಗೆ ಬಂದಿದ್ದರು. ಕಲ್ಲಿನ ಚೂರು ತಗುಲಿ ಮೂರು ವಾರ ಕಳೆದಿದ್ದವು. ನೋವೇ ಇರದ ಕಾರಣ ಅವರು ಅದನ್ನು ಲಕ್ಷಿಸಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಮಧುಮೇಹವಿರುವುದು ತಿಳಿಯಿತು. “ಹೋಳಿಗಿ ಹಬ್ಬಕ್ಕಷ್ಟೇ ತಿಂತೀನ್ರಿ. ದಿನಾ ರೊಟ್ಟಿ, ಬ್ಯಾಳಿ, ಪುಂಡಿಪಲ್ಯಾ. ಮತ್ತ ಈ ಸಕ್ಕರಿ ಬ್ಯಾನಿ ಎಲ್ಲಿಂದ ಬಂತ್ರಿ?” ಎಂದು ಅವರು ಕೇಳಿದರು.

ಮಧುಮೇಹಕ್ಕೆ ಕಾರಣವೊಂದೇ ಅಲ್ಲ. ವಂಶದ ಒಲವು, ಸೊಂಟದ ಸುತ್ತ ಕೂಡುವ ಕೊಬ್ಬು, ನಿದ್ರೆಯ ಕೊರತೆ ಇವೆಲ್ಲವೂ ಸೇರುತ್ತವೆ. ಆದರೆ ಅವರ ದಿನಚರಿಯನ್ನು ವಿಚಾರಿಸಿದಾಗ ಒಂದು ಸಂಗತಿ ಹೊರಬಿತ್ತು. ಬೆಳಗಿನಿಂದ ಸಂಜೆಯವರೆಗೆ ಆರು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಚಹಾವನ್ನು ಅವರು ಆಹಾರವೆಂದು ಎಣಿಸಿಯೇ ಇರಲಿಲ್ಲ.

ಚಮಚಕ್ಕೆ 5 ಗ್ರಾಂ ಎಂದರೂ ಹನ್ನೆರಡು ಚಮಚಕ್ಕೆ 60 ಗ್ರಾಂ ಆಯಿತು. ಗ್ರಾಂ ಒಂದಕ್ಕೆ 4ರಂತೆ 240 ಕ್ಯಾಲೊರಿ. ದಿನಕ್ಕೆ 2,000 ಕ್ಯಾಲೊರಿ ಬೇಕಾದವರಿಗೆ ಇಂಥ ಸಕ್ಕರೆ 50 ಗ್ರಾಂ ಮೀರಬಾರದು, 25 ಗ್ರಾಂಗೆ ಇಳಿದರೆ ಇನ್ನೂ ಒಳಿತು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯ ಸಾರ.

ಸುಮಾರು 70 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಕ್ಯಾಲೊರಿಯಿದೆ. ಕಾಗದದ ಮೇಲೆ ಎರಡೂ ಸಮ, ದೇಹದಲ್ಲಿ ಸಮವಲ್ಲ. ರೊಟ್ಟಿಯನ್ನು ಅಗಿಯಬೇಕು, ಅದರಲ್ಲಿ ನಾರಿದೆ, ಜೊತೆಗೆ ತೊಗರಿಬೇಳೆಯಿರುತ್ತದೆ. ಹೊಟ್ಟೆ ತುಂಬಿದ ಅರಿವು ಬಹುಹೊತ್ತು ಉಳಿಯುತ್ತದೆ. ಚಹಾದ ಸಕ್ಕರೆ ಬೇಗನೆ ರಕ್ತ ಸೇರುತ್ತದೆ, ಹಸಿವೆಯನ್ನು ಕೆಲಹೊತ್ತು ಮರೆಸುತ್ತದೆ, ತಣಿಸುವುದಿಲ್ಲ.

ಆದ್ದರಿಂದ ಬಾಯಿಗೆ ಏನನ್ನಾದರೂ ಇಡುವ ಮುನ್ನ ದೇಹ ಕೇಳುತ್ತಿರುವುದೇನು ಎಂದು ಗಮನಿಸಬೇಕು. ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳಲ್ಲಿ ರಾತ್ರಿಪಾಳಿ ಮಾಡುವವರಿಗೆ ಬೇಕಾದದ್ದು ಎಷ್ಟೋ ಸಲ ನಿದ್ರೆ. ಚಿಂಚೋಳಿಯ ತೊಗರಿ ಹೊಲದಲ್ಲಿ, ಚಿತ್ತಾಪುರದ ಬಿಸಿಲಿನಲ್ಲಿ ದಣಿದವರಿಗೆ ಬೇಕಾದದ್ದು ನೀರು, ಮಜ್ಜಿಗೆ. ಮೂರಕ್ಕೂ ನಾವು ಚಹಾವನ್ನೇ ಉತ್ತರವಾಗಿ ಕೊಡುತ್ತೇವೆ.

ಹಿಂದಿನ ಊಟ ಜೀರ್ಣವಾದ ಗುರುತುಗಳನ್ನು ಆಯುರ್ವೇದ ಹೇಳಿದೆ: ಶುದ್ಧವಾದ ತೇಗು, ಮೈ ಹಗುರವಾಗುವುದು, ಉತ್ಸಾಹ, ಸಹಜವಾದ ಹಸಿವೆ ಬಾಯಾರಿಕೆಗಳು. ಹೊಟ್ಟೆಯ ಒಂದು ಪಾಲನ್ನು ಘನಾಹಾರಕ್ಕೆ, ಒಂದನ್ನು ದ್ರವಕ್ಕೆ ಕೊಟ್ಟು, ಮೂರನೆಯದನ್ನು ವಾತ ಪಿತ್ತ ಕಫಗಳ ಸಂಚಾರಕ್ಕೆ ಬಿಡಬೇಕೆಂಬುದು ಚರಕರ ಮತ. ತೃಪ್ತಿಯ ಸೂಚನೆ ಮೆದುಳಿಗೆ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕು. ಅವಸರದಲ್ಲಿ ಉಂಡರೆ ಅದು ಬರುವಷ್ಟರಲ್ಲಿ ಮೂರನೆಯ ಪಾಲೂ ತುಂಬಿರುತ್ತದೆ.

ಇಲ್ಲಿ ನಮ್ಮದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ವೃತ್ತಿಯ ಆರಂಭದ ವರ್ಷಗಳಲ್ಲಿ ಮಧುಮೇಹಿಗಳಿಗೆ “ಸಕ್ಕರೆ ಬಿಡಿ, ಬೆಲ್ಲ ಬಳಸಿ” ಎಂದು ನಾವೂ ಹೇಳಿದ್ದುಂಟು. ಬೆಲ್ಲದಲ್ಲಿಯೂ ಬಹುಪಾಲು ಇರುವುದು ಅದೇ ಸಕ್ಕರೆ. ಪ್ರಮೇಹದ ಕಾರಣಗಳಲ್ಲಿ ಕುಳಿತೇ ಇರುವ ಸುಖ, ನಿದ್ರಾಸುಖ, ಮೊಸರು, ಹೊಸ ಧಾನ್ಯಗಳ ಜೊತೆಗೆ ಬೆಲ್ಲದ ಪದಾರ್ಥಗಳನ್ನೂ ಚರಕರು ಎಣಿಸಿದ್ದಾರೆ. ಓದಿದ ಗ್ರಂಥವನ್ನೇ ನಾವು ಮರೆತಿದ್ದೆವು.

ದೇಹವನ್ನು ಆಲಿಸಬೇಕೆಂದು ಪರೀಕ್ಷೆಯನ್ನು ಬಿಡಬಾರದು. ಮಧುಮೇಹದಲ್ಲಿ ಅತಿಯಾದ ಹಸಿವೆ, ಬಾಯಾರಿಕೆಗಳೇ ರೋಗದ ಲಕ್ಷಣಗಳು. ಪಾದದ ನರಗಳು ಕುಂದಿದರೆ ನೋವೂ ತಿಳಿಯದು. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ನಡುಕ, ಬೆವರು, ತಲೆಸುತ್ತು ಬಂದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದಿರಬಹುದು. ಪ್ರಜ್ಞೆಯಿರುವಾಗಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕುಡಿಸಿ, ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಅಂಥವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು.

ದಾಸೋಹದ ಪಂಕ್ತಿಯಲ್ಲಿ ಬೇಕಾದಷ್ಟನ್ನೇ ನೀಡಿಸಿಕೊಂಡು ಒಂದಗಳೂ ಚೆಲ್ಲದೆ ಏಳುವುದನ್ನು ನಾವೆಲ್ಲ ಬಲ್ಲೆವು. ಮನೆಯಲ್ಲಿಯೂ ಅದೇ ರೀತಿಯಿರಲಿ. ಅತಿಥಿಗೆ ಹೋಳಿಗೆಯನ್ನು ಒಮ್ಮೆ ಕೇಳಿ. ಸಾಕೆಂದವರ ಎಲೆಗೆ ಮತ್ತೆ ಹಾಕದಿರಿ. ಚಹಾಕ್ಕೆ ವಾರಕ್ಕೊಮ್ಮೆ ಅರ್ಧ ಚಮಚ ಸಕ್ಕರೆ ತಗ್ಗಿಸಿ, ನಾಲಿಗೆ ಹೊಂದಿಕೊಳ್ಳುತ್ತದೆ.

ಆ ಶ್ರಮಜೀವಿಯನ್ನು ನಾವು ಶಸ್ತ್ರವೈದ್ಯರಲ್ಲಿಗೆ ಕಳುಹಿಸಿದೆವು. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು, ಪಾದ ಉಳಿಯಿತು. ಈಗ ಅವರು ದಿನಕ್ಕೆ ಎರಡೇ ಚಹಾ ಕುಡಿಯುತ್ತಾರೆ, ಸಕ್ಕರೆಯಿಲ್ಲದೆ. ರಾತ್ರಿ ಮಲಗುವ ಮುನ್ನ ಎರಡೂ ಅಂಗಾಲುಗಳನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳುತ್ತಾರೆ.