ಸಂದೇಶದಿಂದ ಬಣ್ಣ ತಾಳುವ ದೀಪಮಾಲೆ

2011ರಲ್ಲಿ ಅಮೆರಿಕದ ಹ್ಯಾನ್ಸ್ ಶಾರ್ಲರ್ ಎಂಬವರು ‘ಚಿಯರ್‌ಲೈಟ್ಸ್’ ಎಂಬ ಯೋಜನೆಯನ್ನು ಆರಂಭಿಸಿದರು. ಟ್ವಿಟರ್ ಜಾಲತಾಣದಲ್ಲಿ ಯಾರಾದರೂ ಆ ಹೆಸರಿನೊಡನೆ ಬಣ್ಣವೊಂದರ ಹೆಸರನ್ನು ಬರೆದರೆ, ಯೋಜನೆಗೆ ಸೇರಿದ ದೀಪಗಳು, ಅವು ಯಾವ ದೇಶದಲ್ಲಿದ್ದರೂ, ಆ ಬಣ್ಣವನ್ನು ತಾಳುತ್ತಿದ್ದುವು. ನೋಡುವವರಿಗೆ ವಿನೋದವೆನಿಸುವ ಈ ಏರ್ಪಾಡಿನಲ್ಲಿ ಕಠಿನವಾದುದು ದೀಪವನ್ನು ಉರಿಸುವುದಲ್ಲ, ಮಾತನ್ನು ಓದುವುದು.

ದೀಪದ ಭಾಗವನ್ನು ಮೊದಲು ನೋಡೋಣ. ವೈ-ಫೈ ಸಂಪರ್ಕವುಳ್ಳ ಇಎಸ್‌ಪಿ 8266ರಂತಹ ಒಂದು ಮೈಕ್ರೋಕಂಟ್ರೋಲರ್, ಡಬ್ಲ್ಯುಎಸ್ 2812ಬಿ ಜಾತಿಯ ಎಲ್‌ಇಡಿಗಳ ಒಂದು ಸರ, ಇಷ್ಟು ಸಾಕು. ಹಸಿರು, ಕೆಂಪು, ನೀಲಿ ಎಂಬ ಕ್ರಮದಲ್ಲಿ ಎಂಟೆಂಟರಂತೆ ದೀಪವೊಂದಕ್ಕೆ 24 ಬಿಟ್‌ಗಳು ಒಂದೇ ತಂತಿಯಲ್ಲಿ ಸಾಗುತ್ತವೆ. ಮೊದಲನೆಯ ದೀಪವು ತನ್ನ ಪಾಲನ್ನು ಇಟ್ಟುಕೊಂಡು ಉಳಿದುದನ್ನು ಮುಂದಿನದಕ್ಕೆ ದಾಟಿಸುತ್ತದೆ. ಒಂದು ಬಿಟ್‌ಗೆ 1.25 ಮೈಕ್ರೋಸೆಕೆಂಡ್ ಬೇಕಾಗುವುದರಿಂದ 60 ದೀಪಗಳ ಸರಕ್ಕೆ ಹಿಡಿಯುವ ಕಾಲ 1.8 ಮಿಲಿಸೆಕೆಂಡ್ ಮಾತ್ರ. ಪೂರ್ಣ ಬಿಳುಪಿನಲ್ಲಿ ಉರಿಯುವಾಗ ದೀಪವೊಂದು ಸುಮಾರು 60 ಮಿಲಿಆಂಪಿಯರ್ ಸೆಳೆಯಬಹುದು, ಅರುವತ್ತಕ್ಕೆ 3.6 ಆಂಪಿಯರ್ ಆಯಿತು. ಆದಕಾರಣ 5 ವೋಲ್ಟಿನ ಪ್ರತ್ಯೇಕ ವಿದ್ಯುತ್ ಮೂಲವನ್ನೊದಗಿಸಿ, ಎರಡರ ಋಣ ತಂತಿಗಳನ್ನೂ ಒಂದುಗೂಡಿಸತಕ್ಕದ್ದು. ಇದನ್ನು ಮರೆತವರ ದೀಪಗಳು ತಮಗೆ ತೋಚಿದ ಬಣ್ಣದಲ್ಲಿ ಮಿನುಗುತ್ತವೆ.

ಇನ್ನು ಮಾತಿನ ವಿಷಯ. ಇಂಗ್ಲಿಷಿನ ‘ಹಂಡ್ರೆಡ್’ ಶಬ್ದದ ಕೊನೆಯ ಮೂರಕ್ಷರಗಳು ‘ರೆಡ್’ ಶಬ್ದವೇ ಆಗಿವೆ. ಅಕ್ಷರಗಳನ್ನಷ್ಟೇ ಹುಡುಕುವ ಯಂತ್ರವು ನೂರೆಂದು ಬರೆದವನಿಗೂ ಕೆಂಪು ದೀಪವನ್ನೇ ತೋರಿಸೀತು. ಇಡಿಯ ಪದವನ್ನು ಹೋಲಿಸಿದರೆ ಅಲ್ಲಿ ತೊಂದರೆ ತೀರುತ್ತದೆ. ಕನ್ನಡದಲ್ಲಿ ಆ ಉಪಾಯ ಸಾಲದು. ‘ದೀಪ ಕೆಂಪಾಗಲಿ’ ಎಂಬಲ್ಲಿ ಲೋಪಸಂಧಿಯಿಂದ ಉಕಾರವು ಹೋಗಿರುವುದರಿಂದ, ‘ಕೆಂಪು’ ಎಂಬ ಪದವನ್ನು ಅರಸುವ ಯಂತ್ರಕ್ಕೆ ಅದು ಸಿಗುವುದೇ ಇಲ್ಲ. ‘ಕೆಂಪ’ ಎಂದು ಆರಂಭವಾಗುವುದೆಲ್ಲವನ್ನೂ ಒಪ್ಪೋಣವೆಂದರೆ, ಕೆಂಪೇಗೌಡ ಜಯಂತಿಯ ಶುಭಾಶಯಗಳೆಲ್ಲ ದೀಪಗಳನ್ನು ಕೆಂಪಗಾಗಿಸುತ್ತವೆ! ‘ಕೆಂಪು ಬೇಡ, ಹಸಿರಿರಲಿ’ ಎಂದವನಿಗಂತೂ ಬೇಡವೆಂದುದೇ ದೊರೆಯುತ್ತದೆ. ನಮ್ಮ ಅಭಿಪ್ರಾಯದಲ್ಲಿ, ಪ್ರತಿಯೊಂದು ಬಣ್ಣಕ್ಕೂ ಬಳಕೆಯಲ್ಲಿರುವ ವಿಭಕ್ತಿರೂಪ, ಸಂಧಿರೂಪಗಳ ಪಟ್ಟಿಯನ್ನು ಕೈಯಿಂದಲೇ ಸಿದ್ಧಪಡಿಸಿ, ‘ಬೇಡ’ ಎಂಬುದು ಹಿಂಬಾಲಿಸಿದ ಬಣ್ಣವನ್ನು ಕೈಬಿಡುವುದೇ ಮೇಲು. ಬಣ್ಣಗಳು ಹತ್ತು ಹನ್ನೆರಡಾದರೆ ಇದೇನೂ ದೊಡ್ಡ ಶ್ರಮವಲ್ಲ.

ಈ ಕೆಲಸವನ್ನು ಮೈಕ್ರೋಕಂಟ್ರೋಲರಿಗೆ ಹೊರಿಸಲಾಗದು. ದೂರದ ಸರ್ವರ್ ಒಂದು ಸಂದೇಶವನ್ನು ಓದಿ ಬಣ್ಣವನ್ನು ನಿರ್ಣಯಿಸಬೇಕು. ದೀಪದ ಯಂತ್ರವು ಆ ನಿರ್ಣಯವನ್ನು ಮಾತ್ರ ಆಗಾಗ ಕೇಳಿಕೊಳ್ಳಬೇಕು. ಚಿಯರ್‌ಲೈಟ್ಸ್‌ನ ಏರ್ಪಾಡೂ ಇಂತಹುದೇ. ಇದರ ಪ್ರಯೋಜನ 2023ರಲ್ಲಿ ಸ್ಪಷ್ಟವಾಯಿತು. ಟ್ವಿಟರ್ ಸಂಸ್ಥೆಯು ಆ ವರ್ಷ, ಸಂದೇಶಗಳನ್ನು ಯಂತ್ರಮುಖೇನ ಉಚಿತವಾಗಿ ಓದಲಿದ್ದ ಸೌಲಭ್ಯವನ್ನು ಬಹುಮಟ್ಟಿಗೆ ನಿಲ್ಲಿಸಿತು. ಜಾಲತಾಣವನ್ನು ನೇರವಾಗಿ ಕೇಳುವಂತೆ ರಚಿಸಿದ ದೀಪಗಳಾದರೆ ಒಂದೊಂದರ ಕ್ರಮವಿಧಿಯನ್ನೂ ಹೊಸದಾಗಿ ಬರೆಯಬೇಕು. ನಡುವೆ ಸರ್ವರ್ ಇದ್ದಲ್ಲಿ ಸಂದೇಶ ಬರುವ ದಾರಿಯೊಂದನ್ನು ಬದಲಿಸಿದರಾಯಿತು. ಅದುವರೆಗೆ ದೀಪವು ಕಡೆಯ ಬಾರಿ ಪಡೆದ ಬಣ್ಣದಲ್ಲಿಯೇ ಉರಿಯುತ್ತಿರುತ್ತದೆ.