ಮಂಜಿನ ಕಿಂಡಿಯಲ್ಲಿ ಮೂರು ತಿಮಿಂಗಿಲ

ಅದು 1988ರ ಅಕ್ಟೋಬರ್ ತಿಂಗಳು. ಅಲಾಸ್ಕದ ಉತ್ತರ ತುದಿಯಲ್ಲಿರುವ ಬ್ಯಾರೋ ಎಂಬ ಪುಟ್ಟ ಊರಿನ (2016ರಿಂದ ಇದರ ಹೆಸರು ಉಟ್ಕಿಯಾಗ್ವಿಕ್) ಬಳಿ, ಇನ್ಯೂಪಿಯಾಟ್ ಜನಾಂಗದ ಬೇಟೆಗಾರನೊಬ್ಬನಿಗೆ ಕಡಲ ಮಂಜುಗಡ್ಡೆಯ ಕಿಂಡಿಯಲ್ಲಿ ಮೂರು ಬೂದು ತಿಮಿಂಗಿಲಗಳು ಕಾಣಿಸಿದವು. ಮೆಕ್ಸಿಕೊ ತೀರದ ಬೆಚ್ಚನೆಯ ನೀರಿಗೆ ಅವು ವಲಸೆ ಹೊರಡುವಷ್ಟರಲ್ಲಿ ಸುತ್ತಲ ಕಡಲು ಹೆಪ್ಪುಗಟ್ಟಿಬಿಟ್ಟಿತ್ತು. ತಿಮಿಂಗಿಲ ಮೀನಲ್ಲ, ಶ್ವಾಸಕೋಶದಿಂದ ಉಸಿರಾಡುವ ಸಸ್ತನಿ. ಕಿಂಡಿ ಮುಚ್ಚಿದರೆ ಸಾವು ಖಂಡಿತ.

ಮಂಜಿನಲ್ಲಿ ಸಿಕ್ಕಿಬಿದ್ದು ತಿಮಿಂಗಿಲಗಳು ಸಾಯುವುದು ಆ ಕಡಲಿಗೆ ಹೊಸದೇನೂ ಅಲ್ಲ. ಹೊಸದೆಂದರೆ ಕ್ಯಾಮೆರಾ. ಸ್ಥಳೀಯರು ತೆಗೆದ ಕೆಲವೇ ನಿಮಿಷಗಳ ಚಿತ್ರ ಆಂಕರೇಜ್ ನಗರದ ಟಿ.ವಿ. ಕೇಂದ್ರಕ್ಕೆ ಹೋಯಿತು. ಅಲ್ಲಿಂದ ಎನ್‌.ಬಿ.ಸಿ.ಯ ರಾತ್ರಿ ಸುದ್ದಿಗೆ, ಅಲ್ಲಿಂದ ಜಗತ್ತಿಗೆ.

ಕಾಡುಪ್ರಾಣಿಯ ಚಿತ್ರ ತೆಗೆಯುವವರು ವಾರಗಟ್ಟಲೆ ಕಾಯಬೇಕಾಗುತ್ತದೆ. ಇಲ್ಲಿ ಹಾಗಲ್ಲ. ಪ್ರಾಣಿಯೇ ಕೆಲವು ನಿಮಿಷಕ್ಕೊಮ್ಮೆ ಅದೇ ಕಿಂಡಿಯಲ್ಲಿ ಮೂತಿ ಎತ್ತುತ್ತಿತ್ತು! ಮಂಜಿನ ಅಂಚಿಗೆ ಉಜ್ಜಿ ಗಾಯವಾದ ಮೂತಿ ತೆರೆಯ ತುಂಬ ಕಾಣುತ್ತಿತ್ತು. ಮೇಲಾಗಿ ಮೂರಕ್ಕೂ ಹೆಸರಿಟ್ಟಾಗಿತ್ತು: ಪುಟು, ಸಿಕು, ಕನಿಕ್. ಹೆಸರು ಬಂದಮೇಲೆ ಅದು ಬರಿಯ ತಿಮಿಂಗಿಲವಲ್ಲ, ಪರಿಚಯದವರ ಮಗು. ಇವತ್ತು ರಾತ್ರಿ ಕಳೆದೀತೇ ಎಂಬ ಆತಂಕ ವೀಕ್ಷಕರನ್ನು ಮಾರನೆಯ ದಿನದ ಸುದ್ದಿಗೂ ಕಟ್ಟಿಹಾಕಿತು.

ಆಮೇಲೆ ನಡೆದದ್ದು ಸಣ್ಣ ಸಾಹಸವಲ್ಲ. ಅಧ್ಯಕ್ಷ ರೇಗನ್ ತಾವೇ ಫೋನ್ ಮಾಡಿ ವಿಚಾರಿಸಿದರು. ಭಾರೀ ಹೆಲಿಕಾಪ್ಟರುಗಳಿಂದ ದೋಣಿಯೊಂದನ್ನು ಎಳೆದು ತರುವ ಯತ್ನ ವಿಫಲವಾಯಿತು. ನೀರು ಹೆಪ್ಪುಗಟ್ಟದಂತೆ ಕಲಕುವ ಯಂತ್ರಗಳು ಮಿನ್ನೆಸೊಟಾದಿಂದ ಬಂದವು. ನಿಜವಾದ ಕೆಲಸ ಮಾಡಿದವರು ಇನ್ಯೂಪಿಯಾಟರು. ಮರ ಕೊಯ್ಯುವ ಯಂತ್ರಗಳಿಂದ ಮಂಜನ್ನು ಕೊಯ್ದು, ತೆರೆದ ನೀರಿನತ್ತ ಒಂದರ ಮುಂದೊಂದು ಕಿಂಡಿ ತೆರೆಯುತ್ತ ಹೋದರು. ಬೋಹೆಡ್ ತಿಮಿಂಗಿಲದ ಬೇಟೆ ಈ ಜನರ ಬದುಕಿನ ಭಾಗ ಎಂಬುದನ್ನು ಮರೆಯಬಾರದು. ಅಕ್ಟೋಬರ್ 21ರಂದು ಎಲ್ಲಕ್ಕಿಂತ ಚಿಕ್ಕದಾದ ಕನಿಕ್ ನೀರಿನಡಿ ಹೋದದ್ದು ಮತ್ತೆ ಮೇಲೆ ಬರಲಿಲ್ಲ. ಕೊನೆಗೆ ಸೋವಿಯತ್ ಒಕ್ಕೂಟದ ಎರಡು ಹಡಗುಗಳು ಬಂದು ಮಂಜುಗಡ್ಡೆ ಒಡೆದವು. ತಿಂಗಳ ಕೊನೆಯ ಹೊತ್ತಿಗೆ ಉಳಿದೆರಡೂ ಕಣ್ಮರೆಯಾದವು. ಒಟ್ಟು ವೆಚ್ಚ ಸುಮಾರು ಹತ್ತು ಲಕ್ಷ ಡಾಲರ್ ಎಂದು ಅಂದಾಜು.

ತೋರಿಸಿದ ಯಾವ ಚಿತ್ರವೂ ಸುಳ್ಳಲ್ಲ. ಪ್ರಶ್ನೆ ಇರುವುದು ಚಿತ್ರದ ಚೌಕಟ್ಟಿನ ಹೊರಗೆ. ಅಮೆರಿಕದ ತೀರದ ಬೂದು ತಿಮಿಂಗಿಲಗಳು ಆಗ ಸುಮಾರು 20 ಸಾವಿರ ಇದ್ದವು. 1994ರಲ್ಲಿ ಅವನ್ನು ಅಮೆರಿಕದ ಅಪಾಯದಂಚಿನ ಜೀವಿಗಳ ಪಟ್ಟಿಯಿಂದ ಕೈಬಿಡಲಾಯಿತು. ಹಡಗು ಕಳಿಸಿದ ಸೋವಿಯತ್ ದೇಶವೇ ಆ ವರ್ಷಗಳಲ್ಲಿ ಚುಕೋಟ್ಕಾ ತೀರದ ಜನರಿಗೆಂದು, ನಿಯಮದ ಪ್ರಕಾರವೇ, ವರ್ಷಕ್ಕೆ ನೂರಕ್ಕೂ ಹೆಚ್ಚು ಬೂದು ತಿಮಿಂಗಿಲಗಳನ್ನು ಬೇಟೆಯಾಡುತ್ತಿತ್ತು. ಇನ್ನು ಏಷ್ಯದ ತೀರದಲ್ಲಿ ಇದೇ ಜಾತಿಯ ಇನ್ನೊಂದು ಗುಂಪು ಹಿಂದಿನ ಬೇಟೆಗೆ ಬಲಿಯಾಗಿ ಬೆರಳೆಣಿಕೆಗೆ ಇಳಿದಿತ್ತು. ದುಡ್ಡೂ ಕಾಳಜಿಯೂ ಬೇಕಾಗಿದ್ದುದು ಅದಕ್ಕೆ. ಆದರೆ ಅದಕ್ಕೆ ಕ್ಯಾಮೆರಾ ನಿಲ್ಲಿಸಲು ಒಂದು ಕಿಂಡಿ ಇರಲಿಲ್ಲ, ಕರೆಯಲು ಹೆಸರಿರಲಿಲ್ಲ.

ಹಾಗೆಂದು ಮಂಜಿನ ಮೇಲೆ ನಿಂತವರ ಮರುಕವನ್ನು ಹಳಿಯುವಂತಿಲ್ಲ. ಕಣ್ಣೆದುರು ಏದುಸಿರು ಬಿಡುವ ಪ್ರಾಣಿಗೆ ಅಂಕಿಅಂಶ ಹೇಳಿ ಬೆನ್ನು ತಿರುಗಿಸುವುದು ಸುಲಭವಲ್ಲ.

ಪುಟು, ಸಿಕು ಮೆಕ್ಸಿಕೊ ತಲುಪಿದವೇ? ಅವುಗಳ ಮೈಗೆ ರೇಡಿಯೊ ಸಾಧನ ಕಟ್ಟಿರಲಿಲ್ಲ. 2012ರಲ್ಲಿ ಈ ಕಥೆ ಹಾಲಿವುಡ್ ಚಿತ್ರವೂ ಆಯಿತು. ತಿಮಿಂಗಿಲಗಳ ಸುದ್ದಿ ಮಾತ್ರ ಬರಲೇ ಇಲ್ಲ.